ಕಸ ಗುಡಿಸುವ ಸರದಿ ಮತ್ತು ಒಂದು ಸೆಮಿಸ್ಟರ್

ಕೇಳುಗರಿಗೆ ನಮಸ್ಕಾರ.

ಹೊರದೇಶದ ವಿಶ್ವವಿದ್ಯಾಲಯಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಹೊರಟವರಿಗೆ ನಮ್ಮಲ್ಲಿ ಬುದ್ಧಿಮಾತಿನ ಬರವಿಲ್ಲ. ಚಳಿಗೆ ಏನು ಹೊದೆಯಬೇಕು, ಚಟ್ನಿಪುಡಿಯನ್ನು ಎಷ್ಟು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು ಎಂದು ಎಲ್ಲರೂ ಹೇಳುತ್ತಾರೆ. ಮೆಟ್ಟಿಲು ಗುಡಿಸುವ ಸರದಿಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿನ ಪಾಠದ ಅರ್ಧ ಭಾಗ ಇರುವುದೇ ಅಲ್ಲಿ.

ನಾನು ಮಾತನಾಡುತ್ತಿರುವುದು ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕರ್ ನದಿಯ ದಂಡೆಯಲ್ಲಿರುವ ಟ್ಯೂಬಿಂಗೆನ್ ಊರಿನ ಬಗ್ಗೆ. ಸುಮಾರು 90 ಸಾವಿರ ಜನರಿರುವ ಈ ಊರಿನ ಯಾವ ಬೀದಿಗೆ ಹೋದರೂ ಸೈಕಲ್ ಏರಿದ ವಿದ್ಯಾರ್ಥಿಗಳೇ. ಇಲ್ಲಿನ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ಎಬರ್‌ಹಾರ್ಟ್ ಎಂಬ ಗಡ್ಡದ ದೊರೆ. ಅವನ ಆಳ್ವಿಕೆಯಲ್ಲೇ, 1492ರಲ್ಲಿ, ಪಕ್ಕದ ಸ್ಟುಟ್‌ಗಾರ್ಟ್ ನಗರಕ್ಕೆ ಇನ್ನೊಂದು ಕಟ್ಟಳೆಯಾಯಿತು: ಪ್ರತಿಯೊಬ್ಬನೂ ವಾರಕ್ಕೊಮ್ಮೆ ತನ್ನ ಕಸವನ್ನು ಊರಾಚೆ ಸಾಗಿಸಬೇಕು. ಆ ಸೀಮೆಯ ಪ್ರಸಿದ್ಧ ‘ಕೇರ್‌ವೋಖೆ’, ಅಂದರೆ ಕಸಗುಡಿಸುವ ವಾರದ ಪದ್ಧತಿಯ ಮೂಲವನ್ನು ಜನ ಅಲ್ಲಿಗೇ ಒಯ್ಯುತ್ತಾರೆ. ನಿಮ್ಮ ಸರದಿ ಬಂದ ವಾರ ನಿಮ್ಮ ಬಾಗಿಲಿಗೆ ಒಂದು ಪುಟ್ಟ ಫಲಕ ನೇತಾಡುತ್ತದೆ. ಮೆಟ್ಟಿಲು, ಹೊಸ್ತಿಲು, ಮುಂದಿನ ಕಾಲುದಾರಿ ನಿಮ್ಮ ಪಾಲು. ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆಯ ಬಾಗಿಲಿಗೆ ದಾಟಿಸಬೇಕು. ಮರೆತರೆ ಯಾರೂ ಕೂಗಾಡುವುದಿಲ್ಲ. ಮರುದಿನ ಬಾಗಿಲಿಗೆ ಒಂದು ಚೀಟಿ ಅಂಟಿರುತ್ತದೆ, ತುಂಬ ವಿನಯದ ಭಾಷೆಯಲ್ಲಿ. ಆ ವಿನಯಕ್ಕಿಂತ ನಮ್ಮ ಅಕ್ಕಪಕ್ಕದವರ ಬೈಗುಳವೇ ವಾಸಿ ಎನಿಸುತ್ತದೆ.

ಮೊದಲ ದಿನಗಳು ಕಾಗದಪತ್ರಗಳಲ್ಲೇ ಕಳೆಯುತ್ತವೆ. ಮನೆ ಸೇರಿದ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ಪತ್ರ ಬೇಕು. ಆರೋಗ್ಯ ವಿಮೆ ಬೇಕು. ಊರಿನಿಂದ ತಂದ ದುಡ್ಡು ನಿರ್ಬಂಧಿತ ಖಾತೆಯಲ್ಲಿದ್ದರೆ ತಿಂಗಳಿಗೆ ಇಷ್ಟೇ ಎಂದು ಕೈಗೆ ಸಿಗುತ್ತದೆ. ಒಂದು ಸಮಾಧಾನವುಂಟು: ಈ ಊರಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1500 ಯೂರೋ ಶುಲ್ಕ ಹಾಕಿದರೂ ವಿನಿಮಯ ಒಪ್ಪಂದದಡಿ ಬಂದವರಿಗೆ ಅದು ಅನ್ವಯಿಸುವುದಿಲ್ಲ.

ತರಗತಿಯ ರೀತಿಯೂ ಬೇರೆ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದರೆ ಪಾಠ ಶುರುವಾಗುವುದು ಸಾಮಾನ್ಯವಾಗಿ ಹತ್ತೂಕಾಲಿಗೆ. ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರೂ ಮೇಜನ್ನು ಗೆಣ್ಣುಗಳಿಂದ ಬಡಿಯುತ್ತಾರೆ. ಅಂಕಗಳ ಲೆಕ್ಕ ತಲೆಕೆಳಗು: 1 ಅತ್ಯುತ್ತಮ, 4 ಎಂದರೆ ಹೇಗೋ ತೇರ್ಗಡೆ, 5 ಎಂದರೆ ಅನುತ್ತೀರ್ಣ.

ವಿದ್ಯಾರ್ಥಿಗಳ ದೊಡ್ಡ ವಸತಿ ಸಮುಚ್ಚಯವಿರುವುದು ಊರಿನ ಉತ್ತರದ ಗುಡ್ಡದ ಮೇಲೆ. ಒಂದು ಪಡಸಾಲೆಗೆ ಒಂದು ಅಡುಗೆಮನೆ; ಫ್ರಿಜ್ಜಿನಲ್ಲಿ ನಿಮಗೊಂದು ಪುಟ್ಟ ಜಾಗ. ಸಾಸಿವೆ ಸಿಡಿದು ಒಣಮೆಣಸಿನಕಾಯಿಯ ಘಾಟು ಏಳುತ್ತಿದ್ದಂತೆ ಕಿಟಕಿ ತೆರೆಯುವವರು ಒಬ್ಬರು, ತಟ್ಟೆ ಹಿಡಿದು ಬರುವವರು ಇಬ್ಬರು. ಊಟದ ನಂತರವೇ ನಿಜವಾದ ಪರೀಕ್ಷೆ. ಕಾಗದಕ್ಕೆ ಒಂದು ಡಬ್ಬಿ, ತರಕಾರಿ ಸಿಪ್ಪೆಗೆ ಒಂದು, ಪ್ಲಾಸ್ಟಿಕ್ ಹೊದಿಕೆಗೆ ಹಳದಿ ಚೀಲ, ಉಳಿದುದಕ್ಕೆ ಇನ್ನೊಂದು. ಗಾಜನ್ನು ಬಿಳಿ, ಹಸಿರು, ಕಂದು ಎಂದು ಬೇರ್ಪಡಿಸಿ ಬೀದಿಯ ತೊಟ್ಟಿಗೆ ಹಾಕಬೇಕು; ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತದೆ. ಒಮ್ಮೆ ಬಳಸಿ ಬಿಡುವ ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ಮರಳಿ ಬರುತ್ತದೆ. ಇದರ ಮೇಲೆ ಟ್ಯೂಬಿಂಗೆನ್ ನಗರ 2022ರಿಂದ ಬಿಸಾಡುವ ಲೋಟ, ಡಬ್ಬಿಗಳಿಗೆ ತಲಾ 50 ಸೆಂಟ್ ತೆರಿಗೆ ಹಾಕಿದೆ. ಅಂಗಡಿಯವರು ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ಪ್ರಕಟವಾದ ತೀರ್ಪಿನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ನಗರದ ಪರವಾಗಿಯೇ ನಿಂತಿತು. ಹಾಗಾಗಿ ವಿದ್ಯಾರ್ಥಿಗಳ ಬ್ಯಾಗಿನಲ್ಲಿ ಪುಸ್ತಕದ ಜೊತೆ ಒಂದು ಖಾಲಿ ಡಬ್ಬಿಯೂ ಇರುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್ಡು ತರದವನಿಗೆ ನೆರೆಯ ಕೋಣೆಯವರೇ ಗತಿ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಗ ಒಂಟಿತನ ಕಾಡುತ್ತದೆ. ಕಾಡಿದಾಗ ವಿನಿಮಯ ವಿದ್ಯಾರ್ಥಿಗಳೆಲ್ಲ ಒಂದಾಗಿ ಇಂಗ್ಲಿಷಿನಲ್ಲಿ ಹರಟುತ್ತ ಕೂರುತ್ತಾರೆ. ಸ್ಪೇನಿನವರು, ಕೊರಿಯಾದವರು, ನಮ್ಮವರು. ಆ ಗುಂಪಿನಲ್ಲಿ ಜರ್ಮನರು ಮಾತ್ರ ಇರುವುದಿಲ್ಲ. ಇದು ಸುಖದ ದಾರಿ, ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕಿರಲಿಲ್ಲ. ಊರಿನವರ ಗೆಳೆತನ ನಿಧಾನ. ಗಾಯನವೃಂದಕ್ಕೋ ವಿಶ್ವವಿದ್ಯಾಲಯದ ಆಟದ ತಂಡಕ್ಕೋ ಸೇರಿ, ಪ್ರತಿ ವಾರ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋದವರಿಗೆ ಅದು ದಕ್ಕುತ್ತದೆ. ಗುಡಿಸುವ ಸರದಿಯನ್ನು ತಪ್ಪಿಸದವರಿಗೂ ದಕ್ಕುತ್ತದೆ. ಮೆಟ್ಟಿಲಲ್ಲಿ ಸಿಕ್ಕ ಅಜ್ಜಿಯೊಡನೆ ಆಡಿದ ನಾಲ್ಕು ಮಾತು ಭಾಷಾ ತರಗತಿಯ ಒಂದು ಗಂಟೆಗೆ ಸಮ.

ಕನ್ನಡಿಗರಿಗೆ ಈ ಊರು ಪೂರ್ತಿ ಪರಕೀಯವೂ ಅಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲೇ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದು ಇದೇ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಕಿಟೆಲರ ಕನ್ನಡ ಗ್ರಂಥಗಳಿಂದಷ್ಟೇ ಬಂದದ್ದಲ್ಲ, ನಮ್ಮ ಜನರ ನಡುವೆ ವರ್ಷಗಟ್ಟಲೆ ಬದುಕಿ ಬಂದದ್ದು. ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಜರ್ಮನ್ ಕಲಿಯಬೇಕಾದದ್ದೂ ಹಾಗೆಯೇ.

ಹೊರಡುವವರಿಗೆ ಒಂದು ವ್ಯವಹಾರದ ಮಾತು. ಅಂಕಪಟ್ಟಿ ನಿಮ್ಮ ಕೈ ಸೇರುವುದು ತಡವಾಗಬಹುದು. ಪ್ರತಿ ವಿಷಯದ ಪಠ್ಯವಿವರ ಮತ್ತು ಕ್ರೆಡಿಟ್ ಲೆಕ್ಕವನ್ನು ವಿಭಾಗದಿಂದ ಮುಂಚೆಯೇ ಪಡೆದುಕೊಳ್ಳಿ. ಅಲ್ಲಿನ 1.3 ಎಂಬ ಅಂಕವನ್ನು ನೋಡಿ ಇಲ್ಲಿನ ಗುಮಾಸ್ತರು ನೀವು ಅನುತ್ತೀರ್ಣರಾದಿರೆಂದು ಬರೆದುಕೊಳ್ಳುವ ಮೊದಲು, ಆ ಕಾಗದಗಳನ್ನು ಮೇಜಿನ ಮೇಲಿಡಬಹುದು.

ನಮಸ್ಕಾರ.