ಒಂದೇ ಭಂಗಿ, ನಾಲ್ಕು ವಸ್ತು: ಹೆನ್ರಿ ಮೂರ್ ಮತ್ತು ಚಾಕ್‌ಮೂಲ್

ಮೊದಲು ಆ ಭಂಗಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಂಗಾತ ಮಲಗಿದವನು ಮೊಣಕೈ ಊರಿ ಎದೆ ಎತ್ತಿದ್ದಾನೆ. ಮೊಣಕಾಲು ಮಡಚಿದೆ, ಮುಖ ಪೂರಾ ಪಕ್ಕಕ್ಕೆ ತಿರುಗಿದೆ, ಹೊಟ್ಟೆಯ ಮೇಲೆ ಕಾಣಿಕೆ ಇಡುವ ಬಟ್ಟಲು. ಮೆಕ್ಸಿಕೊದ ಚಿಚೆನ್ ಇಟ್ಜಾದಲ್ಲಿ 1875ರಲ್ಲಿ ಇಂಥ ಮೂರ್ತಿಯೊಂದನ್ನು ಅಗೆಸಿ ತೆಗೆದ ಅಗಸ್ಟಸ್ ಲೆ ಪ್ಲಾಂಜನ್ ಅದಕ್ಕೆ ಚಾಕ್‌ಮೂಲ್ ಎಂಬ ಹೆಸರಿಟ್ಟರು. ಮೆಕ್ಸಿಕೊದ ಹಳೆಯ ಜನಾಂಗವಾದ ಅಜ್ಟೆಕರ ಮಹಾದೇಗುಲದಲ್ಲಿ ಅದೇ ಭಂಗಿಯ ಬಣ್ಣದ ಮೂರ್ತಿ ಮಳೆದೇವತೆ ತ್ಲಾಲೋಕನ ಗುಡಿಯ ಮುಂದೆಯೇ ಇದೆ.

ಪ್ಯಾರಿಸ್ಸಿನ ಟ್ರೊಕಾಡೆರೊ ಸಂಗ್ರಹಾಲಯದಲ್ಲಿದ್ದ ಚಾಕ್‌ಮೂಲ್‌ನ ಪ್ಲಾಸ್ಟರ್ ಪ್ರತಿ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ (1898–1986) ಅವರನ್ನು ಹಿಡಿದು ನಿಲ್ಲಿಸಿತು. 1929ರಲ್ಲಿ ಅವರು ಕಂದು ಹಾರ್ನ್‌ಟನ್ ಕಲ್ಲಿನಲ್ಲಿ ಕೆತ್ತಿದ ಮಲಗಿದ ಹೆಂಗಸು ಈಗ ಲೀಡ್ಸ್ ನಗರದ ಕಲಾ ಗ್ಯಾಲರಿಯಲ್ಲಿದೆ. ಬಟ್ಟಲು ಹೋಯಿತು, ಗಂಡು ಹೆಣ್ಣಾಯಿತು. ತಲೆಯ ತಿರುವು, ಮೈಯ ಭಾರ ಉಳಿದವು. ಕಲ್ಲು ಭಾರ ಹೊರುತ್ತದೆ, ಆದರೆ ಬಾಗಿಸುವ ಬಲವನ್ನು ತಾಳುವುದಿಲ್ಲ. ಕುತ್ತಿಗೆಯನ್ನೋ ತೋಳನ್ನೋ ಅತಿ ತೆಳ್ಳಗೆ ಬಿಡಿಸಿದರೆ ಉಳಿಯ ಪೆಟ್ಟಿಗೇ ಮುರಿಯಬಹುದು. ಹಳೆಯ ಮೆಕ್ಸಿಕನ್ ಶಿಲ್ಪಿಗಳು ಕೈಕಾಲನ್ನು ಒಡಲಿಗೆ ಅಂಟಿಸಿಯೇ ಕೆತ್ತಿದ್ದರಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಅದನ್ನು ಒರಟುತನ ಎಂದವರು ಕಲ್ಲನ್ನು ಮುಟ್ಟಿ ನೋಡಿಲ್ಲ.

1935ರ ಸುಮಾರಿಗೆ ಮೂರ್ ಎಲ್ಮ್ ಮರದ ದೊಡ್ಡ ದಿಮ್ಮಿಗೆ ಬಂದಾಗ ಒಡಲು ತೆರೆದುಕೊಂಡಿತು. ಮರದ ನಾರು ಉದ್ದಕ್ಕೆ ಓಡುವುದರಿಂದ ಎದೆಗೂ ತೊಡೆಗೂ ನಡುವೆ ದೊಡ್ಡ ತೂತು ಬಿಟ್ಟರೂ ಮೈ ನಿಲ್ಲುತ್ತದೆ. ಎಲ್ಮ್‌ನ ನಾರು ದಪ್ಪ. ಚಿಕ್ಕ ಬೊಂಬೆಗೆ ಅದು ಒಗ್ಗದು. ದಿಮ್ಮಿ ಕೊನೆಗಳಲ್ಲಿ ಬೇಗ ಒಣಗಿ, ಒಳಗೆ ಹಸಿಯಾಗಿಯೇ ಉಳಿದು ಸೀಳುತ್ತದೆ. ಕೊನೆಗಳಿಗೆ ಮೇಣ ಬಳಿಯಬೇಕು. ನಡುವನ್ನು ಕೊರೆದಷ್ಟೂ ತೇವ ಸಮನಾಗಿ ಆರುತ್ತದೆ.

ಆಮೇಲೆ ಸೀಸ, 1938–39ರಲ್ಲಿ. ಕ್ರಮ ನಮ್ಮ ಪಂಚಲೋಹ ಮೂರ್ತಿಗಳದೇ: ಮೇಣದ ರೂಪ ಮಾಡಿ, ಲೋಹ ಒಳಹೋಗಲು ಒಂದು ದಾರಿ, ಗಾಳಿ ಹೊರಬರಲು ಬೇರೆ ದಾರಿಗಳನ್ನು ಅಂಟಿಸಿ, ಸುತ್ತ ಅಚ್ಚು ಕಟ್ಟಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಲೋಹ ಸುರಿಯುವುದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಮನೆಯ ಪಾತ್ರೆಯೇ ಸಾಕಾಗುತ್ತಿತ್ತು. ಇಲ್ಲಿ ಅಪಾಯ ಎರಡು. ಅಚ್ಚಿನಲ್ಲಿ ತೇವ ಉಳಿದರೆ ಅದು ಒಮ್ಮೆಲೇ ಆವಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ಇನ್ನೊಂದು ಸೀಸದ ವಿಷ: ಹೊಗೆ, ದೂಳು ಎರಡೂ ಒಳಗೆ ಹೋಗಬಾರದು. ಜೊತೆಗೆ ಸೀಸ ಮೆತ್ತಗೆ. ತೆಳ್ಳಗಿನ ತೋಳು ತನ್ನ ಭಾರಕ್ಕೇ ಜೋಲುತ್ತದೆ. ಹಾಗಾಗಿ ಆಕೃತಿ ಚಿಕ್ಕದಾಗಿಯೇ ಇರಬೇಕು.

ದೊಡ್ಡದಕ್ಕೆ ಕಂಚು ಬೇಕಾಯಿತು, ಕಂಚಿಗೆ ಎರಕದ ಕಾರ್ಖಾನೆ. ಟೊಳ್ಳಾದ ಕಂಚಿನ ಆಕೃತಿಯ ಗೋಡೆ ಎಲ್ಲೆಡೆ ಒಂದೇ ದಪ್ಪಕ್ಕೆ ಇರಬೇಕು. ದಪ್ಪವಾದ ಕಡೆ ಲೋಹ ತಡವಾಗಿ ಆರಿ, ಕುಗ್ಗಿ, ಕುಳಿ ಬೀಳುತ್ತದೆ. ಆದರೂ ಪ್ಯಾರಿಸ್ಸಿನ ಯುನೆಸ್ಕೊ ಕಟ್ಟಡದ ಮುಂದೆ, 1957–58ರಲ್ಲಿ, ಸುಮಾರು 5 ಮೀಟರ್ ಉದ್ದದ ಮಲಗಿದ ಆಕೃತಿಗೆ ಮೂರ್ ಆರಿಸಿದ್ದು ಮತ್ತೆ ಕಲ್ಲನ್ನೇ, ರೋಮಿನ ತಿಳಿಬಣ್ಣದ ಟ್ರಾವರ್ಟೈನ್. ಹಿಂದಿನ ಕಿಟಕಿಗಳ ಗಾಜು ಕಪ್ಪಗೆ ಕಾಣುತ್ತಿತ್ತು. ಅದರೆದುರು ಕಂಚು ಮಂಕಾಗಿಬಿಡುತ್ತಿತ್ತು.