ಮೆಣಸಿನ ಗೋದಾಮಿಗೆ ಬಂದ ರುಬ್ಬುವ ಕಲ್ಲುಗಳು

ಈ ಗೋಡೆ ನೋಡಿ. ಕೆಳಗೆ ಮೊಣಕಾಲೆತ್ತರದವರೆಗೆ ಗಾರೆ ಪೂರ್ತಿ ಉದುರಿದೆ, ಮೇಲೆ ಹೋದ ಹಾಗೆ ಪಾಚಿ, ಅದರ ಮೇಲೆ ಮಳೆ ನೀರು ಇಳಿದ ಕಪ್ಪು ಗೆರೆಗಳು, ಕೊನೆಗೆ ಹೆಂಚು. ಆ ಹೆಂಚು ನೋಡಿದ ಕೂಡಲೇ ನನಗೆ ನಮ್ಮೂರಲ್ಲೇ ನಿಂತ ಹಾಗಾಯಿತು, ಯಾಕಂದ್ರೆ ಅದು ನಮ್ಮ ಮಂಗಳೂರು ಹೆಂಚಿನ ಮಾದರಿಯದೇ. ಆದರೆ ಇದು ಮಂಗಳೂರಲ್ಲ. ಫೋರ್ಟ್ ಕೊಚ್ಚಿ. ನಾನು ನಿಂತಿರುವುದು ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ಗೋದಾಮಿನ ಹೊರಗೆ.

ರಾತ್ರಿ ಮಂಗಳೂರಿನಲ್ಲಿ ರೈಲು ಹತ್ತಿ, ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿದು, ಒಂದು ಚಹಾ ಕುಡಿದು, ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಹಿಡಿದೆ. ಆಟೋದಲ್ಲಿ ಸೇತುವೆ ದಾಟಿಯೂ ಬರಬಹುದಿತ್ತು. ಆದರೆ ಇಲ್ಲಿಗೆ ನೀರಿನ ಮೇಲಿಂದಲೇ ಬರಬೇಕು ಅನ್ನುವುದು ನನ್ನ ಆಸೆ. ಈ ಗೋದಾಮುಗಳ ಮುಖ ಇರುವುದೇ ನೀರಿನ ಕಡೆಗೆ. ರಸ್ತೆಯಲ್ಲಿ ಬಂದವರಿಗೆ ಕಾಣುವುದು ಬೆನ್ನು ಮಾತ್ರ. ದೋಣಿ ತಿರುಗುವಾಗ ತೆಗೆದ ಈ ಶಾಟ್‌ನಲ್ಲಿ ಸಾಲಾಗಿ ಹೆಂಚಿನ ಮಾಡು ಕಾಣುತ್ತಿದೆ ಅಲ್ವಾ? ಒಂದು ಕಾಲದಲ್ಲಿ ಮೂಟೆ ತುಂಬಿದ ದೋಣಿಗಳು ನೇರ ಅಲ್ಲಿಗೇ ಬಂದು ನಿಲ್ಲುತ್ತಿದ್ದವು.

ಕಥೆ ಶುರುವಾಗುವುದು 1867ರಲ್ಲಿ. ಜಾನ್ ಎಚ್. ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ ಇಲ್ಲಿ ತನ್ನ ಕಂಪನಿ ಶುರು ಮಾಡಿದ. ತೆಂಗಿನೆಣ್ಣೆ, ಕರಿಮೆಣಸು, ಮರ, ಮಜ್ಜಿಗೆ ಹುಲ್ಲಿನ ಎಣ್ಣೆ, ಶುಂಠಿ, ಅರಿಶಿನ, ಚರ್ಮ. ಆಮೇಲೆ ತೆಂಗಿನ ನಾರು, ಕಾಫಿ, ಚಹಾ, ರಬ್ಬರ್. ಹೀಗೆ ಹೆಸರು ಓದುತ್ತಾ ಹೋದರೆ ಪಟ್ಟಿಯ ಹಾಗೆ ಕೇಳುತ್ತದೆ, ಆದರೆ ಒಂದು ನಿಮಿಷ ಕಣ್ಣು ಮುಚ್ಚಿ ಈ ಎಲ್ಲದರ ವಾಸನೆ ಒಂದೇ ಕಾಂಪೌಂಡಿನಲ್ಲಿ ಸೇರಿಕೊಂಡರೆ ಹೇಗಿದ್ದಿರಬಹುದು ಅಂತ ಯೋಚಿಸಿ. ಒಂದು ಕಡೆ ಶುಂಠಿ, ಇನ್ನೊಂದು ಕಡೆ ಹಸಿ ಚರ್ಮ!

ಆಗ ಕೊಚ್ಚಿಯಲ್ಲಿ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಇತ್ತು. ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು. ಹಿನ್ನೀರಿನ ಊರುಗಳಿಂದ ಸಣ್ಣ ದೋಣಿಗಳಲ್ಲಿ ಸರಕು ಈ ಕಟ್ಟೆಗೆ ಬರಬೇಕು, ಇಲ್ಲಿ ಒಣಗಿಸಿ, ಕೇರಿ, ಆರಿಸಿ, ತೂಗಿ, ಗೋಣಿಗೆ ತುಂಬಿ ಹೊಲಿಯಬೇಕು, ಮತ್ತೆ ದೋಣಿಗೆ ಹೇರಿ ಹೊರಗಿನ ಹಡಗಿಗೆ ಮುಟ್ಟಿಸಬೇಕು. ಅಂದರೆ ಇಲ್ಲಿಗೆ ಬಂದ ಯಾವ ವಸ್ತುವೂ ಇಲ್ಲಿಯದಲ್ಲ, ಇಲ್ಲಿ ಉಳಿಯುವುದೂ ಇಲ್ಲ. ನಾಲ್ಕು ದಿನ ತಂಗಿ ಹೋಗುವ ಛತ್ರ ಇದ್ದ ಹಾಗೆ. ಮನುಷ್ಯರ ಬದಲು ಮೆಣಸು, ಅಷ್ಟೇ.

ಇಲ್ಲಿ ಸ್ವಲ್ಪ ನಮ್ಮೂರಿನ ವಿಷಯ ಹೇಳಲೇಬೇಕು. ಆಸ್ಪಿನ್‌ವಾಲ್ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ಕೊಚ್ಚಿಯಲ್ಲಿ ಅಲ್ಲ, ಮಂಗಳೂರಿನ ಕುಲಶೇಖರದಲ್ಲಿ. ಆ ಕಂಪನಿ ಇವತ್ತಿಗೂ ಇದೆ. ಮಂಗಳೂರಿನಲ್ಲಿ ಅವರು ಮಾಡುವ ಮಾನ್ಸೂನ್ಡ್ ಮಲಬಾರ್ ಕಾಫಿ ಪ್ರಪಂಚದಲ್ಲೆಲ್ಲ ಹೆಸರು ಮಾಡಿದೆ. ಇದು ಹುಟ್ಟಿಕೊಂಡ ಕಥೆ ನನಗೆ ತುಂಬಾ ಇಷ್ಟ.

ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಾಫಿ ಯುರೋಪಿಗೆ ಹೋಗಬೇಕಾದರೆ ಆಫ್ರಿಕಾದ ತುದಿ ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ. ಮರದ ಹಡಗು, ಕಡಲಿನ ಗಾಳಿ, ಹೊಟ್ಟೆಯೊಳಗೆಲ್ಲ ತೇವ. ಹೋಗಿ ಮುಟ್ಟುವಷ್ಟರಲ್ಲಿ ಹಸಿರು ಬೀಜ ತೇವ ಕುಡಿದು ಉಬ್ಬಿ, ಬಣ್ಣ ಬಿಳಚಿಕೊಂಡು, ಹುಳಿ ಅಂಶ ಕಳೆದುಕೊಂಡು ಬೇರೆಯೇ ರುಚಿಗೆ ತಿರುಗಿರುತ್ತಿತ್ತು. ಅಲ್ಲಿಯ ಜನ ಆ ರುಚಿಗೇ ಒಗ್ಗಿಕೊಂಡರು. ಆಮೇಲೆ 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಾಯಿ ಹೋಗಿ ಉಗಿ ಹಡಗು ಬಂತು, ಪ್ರಯಾಣದ ದಿನ ಕಡಿಮೆಯಾಯಿತು. ಕಾಫಿ ಕೆಡದೆ ತಲುಪತೊಡಗಿತು. ಆದರೆ ಕುಡಿಯುವವರಿಗೆ ಆ ಹಳೆಯ ರುಚಿಯೇ ಬೇಕು!

ಅದಕ್ಕೆ ನಮ್ಮ ಕರಾವಳಿಯವರು ಕಂಡುಕೊಂಡ ದಾರಿ ಏನು ಗೊತ್ತಾ? ಹಡಗು ಮಾಡುತ್ತಿದ್ದ ಕೆಲಸವನ್ನು ಗೋದಾಮಿಗೆ ಒಪ್ಪಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲ ಪೂರ್ತಿ, ಪಕ್ಕ ತೆರೆದ ಗೋದಾಮಿನಲ್ಲಿ ಕಾಫಿ ಬೀಜ ಹರವುತ್ತಾರೆ, ಆಗಾಗ ಕೆದಕುತ್ತಾರೆ, ಗೋಣಿಗೆ ಸಡಿಲವಾಗಿ ತುಂಬಿ ನಡುವೆ ಗಾಳಿ ಆಡುವ ಹಾಗೆ ಜೋಡಿಸುತ್ತಾರೆ, ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ನಮ್ಮಮ್ಮ ಮಳೆಗಾಲದಲ್ಲಿ ಹಪ್ಪಳದ ಡಬ್ಬ ಎಷ್ಟು ಭದ್ರವಾಗಿ ಮುಚ್ಚಿಡುತ್ತಾರೆ ಅಂದರೆ ನಮಗೇ ತೆಗೆಯಲು ಆಗುವುದಿಲ್ಲ. ಇಲ್ಲಿ ಬೇಕು ಅಂತಲೇ ತೇವವನ್ನು ಒಳಗೆ ಕರೆಯುತ್ತಾರೆ. ಈ ಕಾಫಿಗೆ ಈಗ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಕೂಡ ಇದೆ.

ನನ್ನ ಅಂಗೈಯಲ್ಲಿ ಎರಡು ಬೀಜ ಇವೆ, ಜೂಮ್ ಮಾಡುತ್ತೇನೆ. ಎಡಗಡೆಯದು ಮಾಮೂಲಿ ಹಸಿ ಕಾಫಿ ಬೀಜ, ಬೂದು ಮಿಶ್ರಿತ ಹಸಿರು, ಉಗುರು ಒತ್ತಿದರೆ ಕಲ್ಲಿನ ಹಾಗೆ. ಬಲಗಡೆಯದು ಮಳೆಗಾಲ ಕಳೆದು ಬಂದದ್ದು. ಒಣಹುಲ್ಲಿನ ಬಣ್ಣ, ದಪ್ಪ, ಕೈಗೆ ಹಗುರ. ಇದನ್ನು ಹೀಗೆ ಮಾಡಿದ್ದು ಒಂದು ಕಟ್ಟಡ ಮತ್ತು ಗಾಳಿ. ಅದಕ್ಕೇ ಗೋದಾಮು ಅಂದರೆ ಸುಮ್ನೆ ನಾಲ್ಕು ಗೋಡೆ ಮತ್ತು ಬೀಗ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸರಿ, ಕೊಚ್ಚಿಗೆ ವಾಪಸ್. ಇಲ್ಲಿಯ ಗೋದಾಮುಗಳ ಹಣೆಬರಹ ಬದಲಾಗಿದ್ದು ಹೂಳೆತ್ತುವ ಯಂತ್ರದಿಂದ. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದ. ಬಾಯಲ್ಲಿದ್ದ ಮರಳು ದಿಬ್ಬವನ್ನು ಕಡಿದು, ಒಳಗೆ ಆಳ ಮಾಡಿ, ತೆಗೆದ ಮಣ್ಣಿನಿಂದಲೇ ವಿಲ್ಲಿಂಗ್‌ಡನ್ ದ್ವೀಪ ಕಟ್ಟಿದರು. 1928ರಲ್ಲಿ ಮೊದಲ ದೊಡ್ಡ ಹಡಗು ಒಳಗೆ ಬಂತು. ಹಡಗೇ ನೇರವಾಗಿ ಧಕ್ಕೆಗೆ ಬಂದು ನಿಲ್ಲುವಾಗ ದೋಣಿಯಲ್ಲಿ ಮೂಟೆ ಸಾಗಿಸುವ ಈ ಕಟ್ಟೆ ಯಾರಿಗೆ ಬೇಕು? ಒಂದೇ ದಿನ ಆಗಿದ್ದಲ್ಲ, ನಿಧಾನಕ್ಕೆ ಆಯಿತು. ವ್ಯಾಪಾರ ಒಂದೊಂದೇ ಹೆಜ್ಜೆ ಆಚೆ ದಡಕ್ಕೆ ಜರುಗಿತು, ಆಮೇಲೆ ಕಂಟೈನರ್ ಕಾಲ ಬಂತು, 2011ರಲ್ಲಿ ವಲ್ಲಾರ್‌ಪಾಡಂನಲ್ಲಿ ಕಂಟೈನರ್ ಟರ್ಮಿನಲ್ ಆಯಿತು. ಫೋರ್ಟ್ ಕೊಚ್ಚಿಯಿಂದ ಮಟ್ಟಂಚೇರಿವರೆಗಿನ ಎಷ್ಟೋ ಗೋದಾಮುಗಳಿಗೆ ಬೀಗ ಬಿತ್ತು. ಆಸ್ಪಿನ್‌ವಾಲ್ ಹೌಸ್ ಕೂಡ ಕೈ ಬದಲಾಗಿ ಕಟ್ಟಡ ಕಟ್ಟುವ ದೊಡ್ಡ ಕಂಪನಿಯೊಂದರ ಪಾಲಾಯಿತು.

ಇಂಥ ಜಾಗಕ್ಕೆ ಸಾಮಾನ್ಯವಾಗಿ ಮುಂದೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಕೆಡವುತ್ತಾರೆ, ಹೋಟೆಲ್ ಬರುತ್ತದೆ. ಇಲ್ಲಿ ಬೇರೆ ಆಯಿತು. 2012ರ ಡಿಸೆಂಬರ್ 12ರಂದು, ಹನ್ನೆರಡು ಹನ್ನೆರಡು ಹನ್ನೆರಡು, ಕೊಚ್ಚಿ ಮುಜಿರಿಸ್ ಬಿನಾಲೆ ಶುರುವಾಯಿತು. ಬಿನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲೆಯ ಜಾತ್ರೆ. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಇಬ್ಬರು ಕಲಾವಿದರು ಹುಟ್ಟುಹಾಕಿದ್ದು. ಆಗ ಅದರ ಮುಖ್ಯ ಜಾಗ ಇದೇ ಗೋದಾಮು. ಅವರು ಇದನ್ನು ಥಳಥಳ ಅನ್ನುವ ಹಾಗೆ ಪಾಲಿಶ್ ಮಾಡಲಿಲ್ಲ, ಉದುರಿದ ಗಾರೆಯನ್ನು ಹಾಗೇ ಬಿಟ್ಟರು. ನನಗೆ ತುಂಬಾ ಖುಷಿ ಕೊಟ್ಟ ವಿಷಯ ಅದು.

ಮೊದಲ ಬಿನಾಲೆಯಲ್ಲೇ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಸೇರಿ ಇಲ್ಲಿಗೆ ಏನು ತಂದರು ಗೊತ್ತಾ? ರುಬ್ಬುವ ಕಲ್ಲು. ಒಂದಲ್ಲ ಎರಡಲ್ಲ, 170. ಎಲ್ಲ ಬೆಂಗಳೂರಿನ ಮನೆಗಳಿಂದ ಹೊರಗೆ ಬಿದ್ದಿದ್ದವು. ಗ್ರೈಂಡರ್ ಬಂತು, ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು, ಕಲ್ಲಿಗೆ ಜಾಗ ಇಲ್ಲ. ಹಾಗಂತ ಒಡೆಯಲು ಮನಸ್ಸು ಬರುವುದಿಲ್ಲ, ಅನ್ನ ಕೊಟ್ಟ ಕಲ್ಲು ಅಲ್ವಾ, ಕೈ ಮುಗಿದು ರಸ್ತೆ ಬದಿಯಲ್ಲಿ ಇಟ್ಟುಬಿಡುತ್ತೇವೆ. ಅಂಥ ಕಲ್ಲುಗಳು ಲಾರಿ ಹತ್ತಿ ಕೊಚ್ಚಿಗೆ ಬಂದು, ನೂರಾರು ವರ್ಷ ಮೆಣಸು, ಶುಂಠಿ, ಅರಿಶಿನ ಕಂಡ ಈ ದಡದಲ್ಲಿ ಕೂತವು. ಆ ಕೃತಿಗೆ ಅವರಿಟ್ಟ ಹೆಸರು ಸ್ಟಾಪ್‌ಓವರ್. ನಡುದಾರಿಯ ತಂಗುದಾಣ.

ನಾನು ಅದನ್ನು ಕಣ್ಣಾರೆ ನೋಡಲಿಲ್ಲ, ಫೋಟೋದಲ್ಲಿ ನೋಡಿದ್ದು. ಆದರೆ ಫೋಟೋ ನೋಡಿ ಆ ದಿನ ರಾತ್ರಿ ಹಿತ್ತಲಿಗೆ ಹೋಗಿ ನಮ್ಮಜ್ಜಿಯ ಕಡೆಯುವ ಕಲ್ಲನ್ನು ಟಾರ್ಚ್ ಹಾಕಿ ನೋಡಿದೆ. ಕುಳಿಯಲ್ಲಿ ಮಳೆ ನೀರು ನಿಂತು ತರಗೆಲೆ ಕೊಳೆತಿತ್ತು. ಕುಳಿಯ ಒಂದು ಬದಿ ಮಾತ್ರ ಜಾಸ್ತಿ ಸವೆದಿದೆ. ಅಜ್ಜಿ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ಒಂದೇ ಕಡೆ ಕೂರುತ್ತಿದ್ದರು. ಬೆರಳು ಇಟ್ಟರೆ ಆ ಜಾಗ ಗಾಜಿನ ಹಾಗೆ ನುಣುಪು.

2014ರಲ್ಲಿ ಮೈಸೂರಿನ ಎನ್.ಎಸ್. ಹರ್ಷ ಅವರ 24 ಮೀಟರ್ ಉದ್ದದ ಚಿತ್ರ ಇಲ್ಲಿಗೆ ಬಂತು. ಅಷ್ಟು ಉದ್ದದ ಚಿತ್ರ ನೇತುಹಾಕಲು ಗೋದಾಮಿನ ಗೋಡೆಯೇ ಬೇಕು, ಮನೆಯಂಥ ಗ್ಯಾಲರಿ ಸಾಲದು. ಅದೇ ವರ್ಷ ಅನೀಶ್ ಕಪೂರ್ ನೆಲದಲ್ಲಿ ನೀರಿನ ಸುಳಿ ಮಾಡಿದ್ದರು, ಕಪ್ಪು ನೀರು ಗುಂಯ್ ಅಂತ ಒಳಕ್ಕೆ ತಿರುಗುತ್ತಲೇ ಇರುತ್ತಿತ್ತು.

ನಾನು ಮೊದಲ ಸಲ ಬಂದಿದ್ದು ಅದರ ಮುಂದಿನ ಬಿನಾಲೆಗೆ, 2016ರದ್ದಕ್ಕೆ. ಆ ಸಲ ಇಡೀ ಪ್ರದರ್ಶನವನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ. ಇಲ್ಲಿಯ ಒಂದು ಗೋದಾಮಿನ ಒಳಗೆ ನೀರು ತುಂಬಿಸಿದ್ದರು. ಚಿಲಿ ದೇಶದ ಕವಿ ರೌಲ್ ಸುರಿಟಾ ಮಾಡಿದ್ದು. ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಚಿ, ನೀರಿಗಿಳಿದು ನಡೆಯಬೇಕು. ಒಳಗೆ ಏನೂ ಇಲ್ಲ. ಅಕ್ಕಪಕ್ಕದ ಗೋಡೆಯಲ್ಲಿ ಕೆಲವು ಪ್ರಶ್ನೆಗಳು, ನೇರ ಎದುರಿನ ಗೋಡೆಯಲ್ಲಿ ಒಂದು ಕವಿತೆ. ಅದನ್ನು ಓದಬೇಕಾದರೆ ಅಷ್ಟೂ ದೂರ ನೀರಿನಲ್ಲೇ ಹೋಗಬೇಕು. 2015ರಲ್ಲಿ, ಯುದ್ಧದಿಂದ ತಪ್ಪಿಸಿಕೊಂಡು ಹೊರಟ ದೋಣಿ ಮುಳುಗಿ, ಟರ್ಕಿಯ ದಡದಲ್ಲಿ ಮಗುಚಿ ಬಿದ್ದಿದ್ದ ಅಲನ್ ಕುರ್ದಿ ಎಂಬ ಸಿರಿಯಾದ ಮಗುವಿನ ಫೋಟೋ ನೀವೆಲ್ಲ ನೋಡಿರುತ್ತೀರಿ. ಅದೇ ದೋಣಿಯಲ್ಲಿ ಅವನ ಅಣ್ಣ ಗಾಲಿಬ್ ಕೂಡ ಮುಳುಗಿದ. ತಮ್ಮನ ಫೋಟೋದ ಹಾಗೆ ಅವನದು ಪ್ರಪಂಚಕ್ಕೆಲ್ಲ ಗೊತ್ತಾಗಲಿಲ್ಲ. ಆ ಕವಿತೆ ಅವನಿಗಾಗಿ.

ನನ್ನ ಮುಂದೆ ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದರು. ಅವರು ಕವಿತೆ ಓದಿ ತುಂಬಾ ಹೊತ್ತು ಹಾಗೇ ನಿಂತರು. ಯಾರೂ ಮಾತಾಡಲಿಲ್ಲ. ನೀರಿನ ಸದ್ದು ಮಾತ್ರ. ಸರಕು ನೆನೆಯಬಾರದು ಅಂತ ಕಟ್ಟಿದ ಕೋಣೆಯಲ್ಲಿ ನಾವೆಲ್ಲ ನೆನೆದು ನಿಂತಿದ್ದೆವು. ವಾಪಸ್ ಬಂದು ಕಾಲು ಒರೆಸಿಕೊಳ್ಳುವಾಗ ನನಗೆ ಅಳು ಬಂದಿತ್ತು.

ನಾವು ಇವತ್ತು ಬಂದಾಗ ಒಳಗೆ ಪ್ರದರ್ಶನ ಇಲ್ಲ, ಗೇಟು ಹಾಕಿದೆ. ಆದ್ದರಿಂದ ಹೊರಗಿನ ಶಾಟ್‌ಗಳೇ. ಗೇಟಿನ ಸಂದಿನಿಂದ ಕಾಣುತ್ತಿರುವ ಆ ದೊಡ್ಡ ಮರ, ಅದರ ಹಿಂದಿನ ಉದ್ದ ಮಾಡು, ಅಷ್ಟೇ ಸಿಕ್ಕಿದ್ದು. ಇಲ್ಲಿಂದ ಮಟ್ಟಂಚೇರಿ ಕಡೆಗೆ ನಡೆದುಕೊಂಡು ಹೋದರೆ ಬಜಾರ್ ರಸ್ತೆಯಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಗೋದಾಮುಗಳಿವೆ. ಅಕ್ಕಿ ಮೂಟೆ ಇಳಿಸುತ್ತಿದ್ದಾರೆ, ಕೈಯಲ್ಲಿ ಕೊಕ್ಕೆ, ತಲೆಗೆ ಟವೆಲ್. ಒಂದು ಬಾಗಿಲ ಹತ್ತಿರ ಒಣಶುಂಠಿ ವಾಸನೆ ಎಷ್ಟು ಗಾಢವಾಗಿತ್ತೆಂದರೆ ಮೈಕ್ ಹಿಡಿದುಕೊಂಡೇ ಎರಡು ಸಲ ಸೀನಿದೆ, ಆ ಕ್ಲಿಪ್ ತೆಗೆದಿಲ್ಲ, ಹಾಗೇ ಇಟ್ಟಿದ್ದೇನೆ.

ಇದನ್ನೆಲ್ಲ ನೋಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ನಮ್ಮ ಮಂಗಳೂರಿನ ಹಳೆ ಬಂದರು. ನಮ್ಮಲ್ಲೂ ಇದೇ ಕಥೆ. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬಂತು, ದೊಡ್ಡ ವ್ಯಾಪಾರ ಅಲ್ಲಿಗೆ ಹೋಯಿತು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಎಂಬ ದೊಡ್ಡ ಮರದ ದೋಣಿಗಳು ಸಾಮಾನು ಹೊತ್ತು ಹೋಗುವುದು ಉಳಿಯಿತು. ಅಲ್ಲಿಯ ಗಲ್ಲಿಗಳಲ್ಲಿ ಹೆಂಚಿನ ಗೋದಾಮುಗಳು ಇನ್ನೂ ಇವೆ, ಕೆಲವು ಬಾಗಿಲು ತೆರೆದಿವೆ, ಕೆಲವಕ್ಕೆ ಬೀಗ ತುಕ್ಕು ಹಿಡಿದಿದೆ. ಮಾಡಿನ ಒಂದು ಹೆಂಚು ಜಾರಿದರೆ ಸಾಕು, ಎರಡು ಮಳೆಗಾಲದಲ್ಲಿ ಪಕಾಸು, ಅಂದರೆ ಮಾಡಿನ ಮರದ ಪಟ್ಟಿ, ಕೊಳೆಯುತ್ತದೆ, ಮೂರನೆಯದಕ್ಕೆ ಗೋಡೆ ಕೂರುತ್ತದೆ. ಒಳಗೆ ಜನ ಓಡಾಡುತ್ತಿದ್ದರೆ ಆ ಒಂದು ಹೆಂಚನ್ನು ಯಾರಾದರೂ ಅದೇ ವಾರ ಸರಿ ಮಾಡುತ್ತಾರೆ. ಮೆಣಸಿಗಾದರೂ ಸರಿ, ಚಿತ್ರಕ್ಕಾದರೂ ಸರಿ.

ಮುಂದಿನ ವಿಡಿಯೋ ಅಲ್ಲೇ, ನಮ್ಮ ಬಂದರಿನಲ್ಲೇ ಮಾಡುತ್ತೇನೆ. ನಿಮ್ಮ ಅಪ್ಪ, ಅಜ್ಜ, ಅಜ್ಜಿ ಯಾರಾದರೂ ಅಲ್ಲಿ ಮೂಟೆ ಹೊತ್ತಿದ್ದರೆ, ಲೆಕ್ಕ ಬರೆದಿದ್ದರೆ, ಕಾಫಿ ಬೀಜ ಆರಿಸಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವರಿಗೆ ನಡೆಯಲು ಆಗುವುದಾದರೆ ಜೊತೆಯಲ್ಲೇ ಕರೆದುಕೊಂಡು ಹೋಗೋಣ, ಯಾವ ಬಾಗಿಲು ಯಾವ ಸರಕಿನದು ಅಂತ ಅವರ ಬಾಯಲ್ಲೇ ಕೇಳೋಣ. ದೋಣಿ ಬಂತು, ನಾನು ಹೊರಡುತ್ತೇನೆ.