ಮಕ್ಕಳ ಖರ್ಚು ನಿಂತ ತಿಂಗಳೇ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಎಲ್ಲರಿಗೂ ಅಲ್ಲ. ನಲವತ್ತೈದು ದಾಟಿದವರಿಗೆ. ಮಕ್ಕಳ ಓದು ಮುಗಿದಿದೆ, ಅಥವಾ ಇನ್ನೇನು ಮುಗಿಯುತ್ತದೆ. ಒಬ್ಬರು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿದ್ದಾರೆ, ಇನ್ನೊಬ್ಬರು ಹೊರಡುವ ತಯಾರಿಯಲ್ಲಿದ್ದಾರೆ. ಮಕ್ಕಳು ಹೊರಟರು, ಸಾಲ ಮಾತ್ರ ಮನೆಯಲ್ಲೇ ಉಳಿದಿದೆ. ಇದು ನಿಮ್ಮ ಮನೆಯ ಕಥೆಯಾದರೆ ರೇಡಿಯೋ ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

ನನಗೆ ಕೊಟ್ಟಿರುವ ಸಮಯ ಕಡಿಮೆ. ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಖರ್ಚು ಯಾವ ತಿಂಗಳು ನಿಲ್ಲುತ್ತದೋ, ಅದೇ ತಿಂಗಳು, ಅಷ್ಟೂ ಹಣ ಸಾಲಕ್ಕೆ ಹೋಗಬೇಕು. ಮುಂದಿನ ತಿಂಗಳಲ್ಲ. ಮನೆಗೆ ಬಣ್ಣ ಹೊಡೆಸಿದ ಮೇಲೆ ಅಲ್ಲ. ಅದೇ ತಿಂಗಳು.

"ಇಷ್ಟು ವರ್ಷ ಮಕ್ಕಳಿಗೋಸ್ಕರ ಬಿಗಿ ಹಿಡಿದಿದ್ದೇವೆ, ಈಗಲಾದರೂ ಸ್ವಲ್ಪ ಉಸಿರಾಡೋಣ" ಅಂತ ನೀವು ಹೇಳುತ್ತೀರಿ. ಗೊತ್ತು. ಎಲ್ಲರೂ ಇದನ್ನೇ ಹೇಳುತ್ತಾರೆ. ಉಸಿರಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಬಿಡುವಾದ ಹಣ ನಿಮಗೋಸ್ಕರ ಕಾದು ಕೂರುವುದಿಲ್ಲ. ಅದಕ್ಕೆ ಹೆಸರು ಇಟ್ಟಿರುವುದಿಲ್ಲ ನೋಡಿ. ಫೀಸು ಅಂದಾಗ ಅದಕ್ಕೊಂದು ಹೆಸರಿತ್ತು, ತಾರೀಖಿತ್ತು. ಈಗ ಏನೂ ಇಲ್ಲ. ಹೆಸರಿಲ್ಲದ ಹಣ ಮೂರೇ ತಿಂಗಳಲ್ಲಿ ಮನೆ ಖರ್ಚಿನೊಳಗೆ ಕರಗಿಹೋಗುತ್ತದೆ. ಪಾರ್ಕಿನ್ಸನ್ ಅಂತ ಒಬ್ಬ ಬ್ರಿಟಿಷ್ ಇತಿಹಾಸಕಾರರಿದ್ದರು. ಆದಾಯ ಎಷ್ಟು ಏರುತ್ತದೋ ಖರ್ಚೂ ಅಲ್ಲಿಗೇ ಏರಿ ನಿಲ್ಲುತ್ತದೆ ಅಂತ 1960ರಲ್ಲೇ ಬರೆದಿದ್ದರು. ಅವರು ಬರೆದದ್ದು ಹೆಚ್ಚಾಗಿ ಸರ್ಕಾರಗಳ ಬಗ್ಗೆ. ಸಂಸಾರಗಳೂ ಬೇರೆ ಅಲ್ಲ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪೆನ್ನು ಬೇಡ.

ಒಂದು ಲಕ್ಷದ ಕ್ರೆಡಿಟ್ ಕಾರ್ಡ್ ಸಾಲ ಇದೆ ಅಂದುಕೊಳ್ಳಿ. ವರ್ಷಕ್ಕೆ ಶೇಕಡಾ 24 ಬಡ್ಡಿ, ಅಂದರೆ ತಿಂಗಳಿಗೆ 2. ಮೊದಲ ತಿಂಗಳ ಬಡ್ಡಿಯೇ 2,000. ನೀವು 2,500 ಕಟ್ಟುತ್ತೀರಿ. ಅದರಲ್ಲಿ 2,000 ಬಡ್ಡಿಗೇ ಹೋಯಿತು. ಅಸಲು ಇಳಿದದ್ದು 500 ಮಾತ್ರ. ಹೀಗೇ ಕಟ್ಟುತ್ತಾ ಹೋದರೆ ಸಾಲ ತೀರಲು 6 ವರ್ಷ 10 ತಿಂಗಳು ಬೇಕು. ಒಂದು ಲಕ್ಷಕ್ಕೆ ಎರಡು ಲಕ್ಷ ಕೊಟ್ಟ ಹಾಗಾಯಿತು. ಅದೇ ನೀವು 2,500ರ ಬದಲು 5,000 ಕಟ್ಟಿದರೆ? ಅರ್ಧ ಸಮಯ ಸಾಕು ಅಂತ ತಾನೇ ಅನ್ನಿಸುವುದು? ಅಲ್ಲ. 26 ತಿಂಗಳು. ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಯಾಕೆ ಅಂದರೆ ಆ ಹೆಚ್ಚಿನ 2,500 ಇದೆಯಲ್ಲ, ಅದರಲ್ಲಿ ಬಡ್ಡಿಗೆ ಪಾಲಿಲ್ಲ. ಅಷ್ಟೂ ನೇರವಾಗಿ ಅಸಲಿಗೆ ಹೋಗುತ್ತದೆ. ನಾನು ಮಕ್ಕಳ ಹಣ, ಮಕ್ಕಳ ಹಣ ಅಂತ ಬಡಿದುಕೊಳ್ಳುವುದು ಇದಕ್ಕೇ.

ಮನೆ ಸಾಲ ಇನ್ನೂ ಮೋಸ. 20 ವರ್ಷದ ಸಾಲ, ಶೇಕಡಾ 9 ಬಡ್ಡಿ. 10 ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ದೀರಿ. ಅರ್ಧ ತೀರಿತು ಅಂತ ಸಮಾಧಾನದಲ್ಲಿ ಇದ್ದೀರಿ. ಅಸಲಿನಲ್ಲಿ ನೂರಕ್ಕೆ 71 ಭಾಗ ಹಾಗೇ ಇದೆ! ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಯೇ. ಆದರೆ ಈಗಿನಿಂದ ಕಂತಿನ ಅರ್ಧದಷ್ಟು ಹೆಚ್ಚಿಗೆ ಕಟ್ಟಿದರೆ ಉಳಿದ 10 ವರ್ಷ 5 ವರ್ಷ 8 ತಿಂಗಳಿಗೆ ಇಳಿಯುತ್ತದೆ. ಎರಡು ಕಂತಿನಷ್ಟು ಕಟ್ಟಿದರೆ 4 ವರ್ಷದೊಳಗೆ ಮುಗಿಯುತ್ತದೆ.

ಎರಡು ಕಂತು ಎಲ್ಲಿಂದ ತರೋದು ಅಂತೀರಾ? ಒಂದು ಪ್ರಸಂಗ ಹೇಳುತ್ತೇನೆ. ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವಳು. ಈಗ ಸಾಲದಲ್ಲಿ ಸಿಕ್ಕಿಕೊಂಡ ಸಂಸಾರಗಳಿಗೆ ಲೆಕ್ಕ ಬಿಡಿಸಿಕೊಡುತ್ತೇನೆ. ಒಮ್ಮೆ ಒಬ್ಬ ಗಂಡ ಹೆಂಡತಿ ಬಂದರು. ಗಂಡನಿಗೆ ಐವತ್ತೆರಡು ಇರಬಹುದು, ಆಕೆಗೆ ನಾಲ್ಕೈದು ವರ್ಷ ಕಡಿಮೆ. ಅವರ ಕೈಯಲ್ಲಿ ದಪ್ಪ ಫೈಲು. ಕೂತವರೇ ಶುರು ಮಾಡಿದರು. "ಮೇಡಂ, ಸಂಬಳ ಏರಿದೆ. ಮಗ ದುಡೀತಿದ್ದಾನೆ, ಮಗಳೂ ದುಡೀತಿದ್ದಾಳೆ. ಎರಡು ವರ್ಷ ಆಯ್ತು. ಆದರೂ ಸಾಲ ಇಳೀತಾನೇ ಇಲ್ಲ. ಬ್ಯಾಂಕಿನವರೇ ಲೆಕ್ಕದಲ್ಲಿ ಏನೋ ಮಾಡ್ತಿದ್ದಾರೆ."

ಫೈಲು ತಿರುವಿ ನೋಡಿದೆ. ಬ್ಯಾಂಕಿನ ಲೆಕ್ಕ ಸರಿಯಾಗಿಯೇ ಇತ್ತು. ಮನೆ ಸಾಲ ಇನ್ನೂ 9 ವರ್ಷ ಬಾಕಿ. ಕಾರ್ಡಿನ ಮೇಲೆ ಒಂದು ಲಕ್ಷದ ಹತ್ತಿರ. ತಿಂಗಳಿಗೆ ಮೂರು ಸಾವಿರ ಕಟ್ಟುತ್ತಿದ್ದರು, ಮತ್ತೆ ಅದೇ ಕಾರ್ಡು ಉಜ್ಜುತ್ತಿದ್ದರು.

ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. "ಒಬ್ಬರದು ಒಬ್ಬರು ನೋಡಬೇಡಿ. ಮಕ್ಕಳು ಓದುತ್ತಿದ್ದ ಕೊನೆಯ ವರ್ಷ ಅವರಿಗೆ ಅಂತ ತಿಂಗಳಿಗೆ ಎಷ್ಟು ಹೋಗುತ್ತಿತ್ತು, ಬರೆಯಿರಿ" ಅಂದೆ. ಅವರು ಎಂಟು ಸಾವಿರ ಅಂತ ಬರೆದರು. ಆಕೆ ಹದಿನೆಂಟು ಸಾವಿರ.

ಅವರು ನಕ್ಕುಬಿಟ್ಟರು. "ಹದಿನೆಂಟು ಎಲ್ಲಿಂದ ಬಂತೇ?"

ಆಕೆ ಬೆರಳು ಮಡಚುತ್ತಾ ಹೇಳಿದರು. "ರೀ, ನೀವು ಫೀಸು ಮಾತ್ರ ಲೆಕ್ಕ ಹಿಡಿದಿದ್ದೀರಿ. ಹಾಸ್ಟೆಲು? ರಜೆಗೆ ಬಂದು ಹೋಗೋ ಟಿಕೆಟ್ಟು? ಇಬ್ಬರ ಫೋನು? ಅವಳ ಹಲ್ಲಿಗೆ ತಂತಿ ಹಾಕ್ಸಿದ್ದು? ಅವನ ಲ್ಯಾಪ್‌ಟಾಪ್ ಕಂತು?" ಖಾತೆಯ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿದೆವು. ಆಕೆ ಹೇಳಿದ್ದೇ ಸರಿ.

"ಹಾಗಾದರೆ ಎರಡು ವರ್ಷದಿಂದ ತಿಂಗಳಿಗೆ ಹದಿನೆಂಟು ಸಾವಿರ ಉಳಿದಿರಬೇಕಲ್ವಾ?" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹುಡುಕಿದೆವು. ದುಂದುವೆಚ್ಚ ಅನ್ನುವಂಥದ್ದು ಏನೂ ಇರಲಿಲ್ಲ. ಇಬ್ಬರೂ ಒಳ್ಳೆಯ ಜನ, ಕೈ ಬಿಗಿಯೇ. ಹಳೇ ಕಾರು ಕೊಟ್ಟು ಹೊಸದು ತಗೊಂಡಿದ್ದರು, ಅದರ ಕಂತು ಏಳು ಸಾವಿರ. ಅದು ಇದು ಚಂದಾ, ಹೊರಗಿನ ಊಟ, ಮೂರು ಸಾವಿರ. ಇನ್ನೊಂದು ಮೂರು ಸಾವಿರ ಎಲ್ಲಿ ಹೋಗುತ್ತಿತ್ತೋ ಅವರಿಗೂ ಗೊತ್ತಿಲ್ಲ, ನನಗೂ ಸಿಗಲಿಲ್ಲ. ಉಳಿದ ಐದು ಸಾವಿರ ಪ್ರತಿ ತಿಂಗಳು ಐದನೇ ತಾರೀಖು ತಾನಾಗೇ ಇನ್ನೊಂದು ಖಾತೆಗೆ ಹೋಗುತ್ತಿತ್ತು.

"ಇದು ಯಾರದು?" ಅಂತ ಕೇಳಿದೆ.

"ಮಗನದು. ಓದುವಾಗ ಕೈಖರ್ಚಿಗೆ ಅಂತ ಶುರು ಮಾಡಿದ್ದು."

"ಈಗ ಅವನು ಕೆಲಸದಲ್ಲಿದ್ದಾನಲ್ಲ?"

"ಇದ್ದಾನೆ. ಆದರೆ ನಿಲ್ಲಿಸಿದರೆ ಬೇಜಾರು ಮಾಡ್ಕೊಳ್ತಾನೇನೋ."

ಬೇಜಾರು! ಇಲ್ಲಿ ಅಪ್ಪ ಅಮ್ಮ ಶೇಕಡಾ 24 ಬಡ್ಡಿ ಕಟ್ಟುತ್ತಿದ್ದಾರೆ, ಅಲ್ಲಿ ಸಂಬಳ ಬರುವ ಮಗನಿಗೆ ಕೈಖರ್ಚು ಹೋಗುತ್ತಿದೆ. ನನಗೆ ಸ್ವಲ್ಪ ಸಿಟ್ಟೇ ಬಂತು. "ಈಗಲೇ ಫೋನ್ ಮಾಡಿ" ಅಂದೆ. "ರೀ, ನೀವು ಮಾತಾಡಿ" ಅಂದರು ಆಕೆ. "ಬೇಡ, ನೀನೇ ಮಾತಾಡು" ಅಂದರು ಅವರು. ಕೊನೆಗೆ ಆಕೆಯೇ ಮಾಡಿದರು, ಸ್ಪೀಕರ್ ಹಾಕಿ. ಸುತ್ತಿ ಬಳಸಿ, ಊಟ ಆಯ್ತಾ, ಕೆಮ್ಮು ಹೋಯ್ತಾ ಅಂತೆಲ್ಲ ಕೇಳಿ, ಆಮೇಲೆ ವಿಷಯಕ್ಕೆ ಬಂದರು.

ಹುಡುಗ ಏನಂದ ಗೊತ್ತಾ? "ಅಯ್ಯೋ ಅಮ್ಮಾ, ಅದು ಇನ್ನೂ ಬರ್ತಿದೆಯಾ? ನನ್ನ ಸಂಬಳ ಬೇರೆ ಅಕೌಂಟಿಗೆ ಬರುತ್ತೆ. ಆ ಹಳೇ ಅಕೌಂಟ್ ತೆಗೆದು ನೋಡಿ ಎಷ್ಟೋ ಕಾಲ ಆಯ್ತು."

ಎರಡು ವರ್ಷ, ತಿಂಗಳಿಗೆ ಐದು ಸಾವಿರ. ಒಂದು ಲಕ್ಷದ ಇಪ್ಪತ್ತು ಸಾವಿರ. ಒಂದು ಬಿಡಿಕಾಸೂ ಮುಟ್ಟದೆ ಸುಮ್ನೆ ಬಿದ್ದಿತ್ತು! ಆ ವಾರವೇ ಅವನು ವಾಪಸ್ ಕಳಿಸಿದ. ಕಾರ್ಡಿನ ಸಾಲ ಒಂದೇ ಏಟಿಗೆ ಚುಕ್ತಾ.

ಕಾರು ಮಾರಿ ಅಂದೆ, ಅವರು ಒಪ್ಪಲಿಲ್ಲ. ಹೋಗಲಿ ಬಿಡಿ. ಕಾರಿನ ಕಂತು ಬಿಟ್ಟು ಉಳಿದ ಹನ್ನೊಂದು ಸಾವಿರ, ಜೊತೆಗೆ ಕಾರ್ಡಿಗೆ ಕಟ್ಟುತ್ತಿದ್ದ ಮೂರು ಸಾವಿರ, ಒಟ್ಟು ಹದಿನಾಲ್ಕು ಸಾವಿರ. ಅವರ ಮನೆ ಸಾಲದ ಕಂತೂ ಸುಮಾರು ಅಷ್ಟೇ ಇತ್ತು. ಎರಡನೇ ಕಂತು ಎಲ್ಲಿಂದ ಅಂತ ಕೇಳಿದಿರಲ್ಲ, ಅಲ್ಲಿಂದ! ಸಂಬಳ ಬಂದ ಮಾರನೇ ದಿನ ತಾನಾಗೇ ಸಾಲದ ಖಾತೆಗೆ ಹೋಗುವ ಹಾಗೆ ಆಕೆಯೇ ಏರ್ಪಾಡು ಮಾಡಿದರು. ಒಂಬತ್ತು ವರ್ಷ ಬಾಕಿ ಇದ್ದ ಸಾಲ ನಾಲ್ಕು ವರ್ಷ ತುಂಬುವ ಮೊದಲೇ ತೀರಿತು. ಸಂಬಳ ಜಾಸ್ತಿ ಆಗಲಿಲ್ಲ, ಲಾಟರಿ ಹೊಡೆಯಲಿಲ್ಲ. ಮಕ್ಕಳ ಹಣಕ್ಕೆ ಸಾಲ ಅಂತ ಹೆಸರು ಬರೆದರು, ಅಷ್ಟೇ. ಮೊದಲ ತಿಂಗಳೇ ಬರೆದಿದ್ದರೆ ಆ ಎರಡು ವರ್ಷದ ಬಡ್ಡಿಯೂ ಉಳಿಯುತ್ತಿತ್ತು.

ಅಯ್ಯೋ, ಗಾಜಿನ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ನೂ ಹೇಳುವುದು ಬೇಕಾದಷ್ಟಿತ್ತು. ಬೇಗ ಬೇಗ ಹೇಳುತ್ತೇನೆ.

ಯಾವ ಸಾಲ ಮೊದಲು? ಬಡ್ಡಿ ಜಾಸ್ತಿ ಇರುವುದು ಮೊದಲು. ಚಿಕ್ಕ ಸಾಲ ಮೊದಲು ತೀರಿಸಿ, ಮನಸ್ಸಿಗೆ ಹುರುಪು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಐವತ್ತು ವರ್ಷದವರಿಗೆ ಹುರುಪಿಗಿಂತ ಲೆಕ್ಕ ಮುಖ್ಯ. ಬಡ್ಡಿ ದರದಿಂದ 72ನ್ನು ಭಾಗಿಸಿ. ಏನೂ ಕಟ್ಟದೆ ಬಿಟ್ಟರೆ ಸಾಲ ಸುಮಾರು ಎಷ್ಟು ವರ್ಷದಲ್ಲಿ ಎರಡರಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ. 24ರ ಬಡ್ಡಿಗೆ 3 ವರ್ಷ, 9ರ ಬಡ್ಡಿಗೆ 8 ವರ್ಷ. ಇದು ಇವತ್ತಿನ ಬ್ಯಾಂಕುಗಳು ಕಂಡುಹಿಡಿದದ್ದಲ್ಲ, ಇಟಲಿಯ ಗಣಿತಜ್ಞ ಪಾಚಿಯೋಲಿ 1494ರಲ್ಲೇ ಅಚ್ಚು ಹಾಕಿಸಿದ ಲೆಕ್ಕ. 3 ವರ್ಷದ್ದನ್ನು ಮೊದಲು ಹಿಡಿಯಿರಿ.

ಹೆಚ್ಚಿಗೆ ಕಟ್ಟುವಾಗ ಬ್ಯಾಂಕಿಗೆ ಬರೆದು ಕೊಡಿ. ಈ ಹಣ ಅಸಲಿಗೆ ಹೋಗಲಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ ಅಂತ. ಕಂತು ಇಳಿಸಿಕೊಂಡಿರೋ, ಉಳಿದ ಹಣ ಮತ್ತೆ ಮನೆ ಖರ್ಚಿಗೆ ಸೇರಿಕೊಳ್ಳುತ್ತದೆ.

ಮೂರು ತಿಂಗಳ ಮನೆ ಖರ್ಚು ಪಕ್ಕಕ್ಕೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೊದಲ ಆಸ್ಪತ್ರೆ ಬಿಲ್ಲಿಗೇ ಮತ್ತೆ ಕಾರ್ಡು ಹೊರಗೆ ಬರುತ್ತದೆ.

ಮಕ್ಕಳ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಹಾಗಿದ್ದರೆ ಅವರು ಕಟ್ಟದಿದ್ದರೆ ನೀವೇ ಕಟ್ಟಬೇಕು. ಅವರು ಕಂತು ಕಟ್ಟುತ್ತಿದ್ದಾರಾ ಅಂತ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಹಾಗೇ ನಿಮ್ಮ ಸಾಲ ಎಷ್ಟಿದೆ ಅಂತ ದುಡಿಯುವ ಮಕ್ಕಳಿಗೆ ಹೇಳಿ. ಅವರಿಂದ ದುಡ್ಡು ಕೇಳಬೇಕು ಅಂತಲ್ಲ. ಗೊತ್ತಿದ್ದರೆ ಅವರೂ ನಿಮ್ಮನ್ನು ಸುಮ್ಮಸುಮ್ಮನೆ ದುಡ್ಡು ಕೇಳುವುದಿಲ್ಲ, ಅಷ್ಟೇ.

ನಿವೃತ್ತಿಯ ತಾರೀಖು ಮತ್ತು ಕೊನೆಯ ಕಂತಿನ ತಾರೀಖು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಕಂತಿನ ತಾರೀಖು ಆಮೇಲೆ ಬರುತ್ತಿದೆಯಾ? ಆಗ ನಾನು ಹೇಳಿದ್ದು ಇನ್ನೂ ಅವಸರದ ಕೆಲಸ. ಮಕ್ಕಳ ಖರ್ಚು ನಿಂತ ತಿಂಗಳೇ, ಅಷ್ಟೂ ಹಣ ಸಾಲಕ್ಕೆ. ಈಗಾಗಲೇ ನಿಂತು ವರ್ಷ ಆಗಿದೆ ಅನ್ನುವವರು ಈ ತಿಂಗಳೇ ಶುರು ಮಾಡಿ. ಇವತ್ತು ರಾತ್ರಿ ಎರಡು ಚೀಟಿ ತೆಗೆದುಕೊಂಡು ಕೂರಿ, ಒಬ್ಬರದು ಒಬ್ಬರು ನೋಡದೆ ಬರೆಯಿರಿ. ಜಗಳ ಆದರೆ ನನ್ನನ್ನು ಬೈಯಬೇಡಿ.

ಕೊನೆಯ ಕಂತು ಕಟ್ಟಿದ ಮೇಲೆ ಸುಮ್ನೆ ಮನೆಗೆ ಬರಬೇಡಿ. ಸಾಲ ಪೂರ್ತಿ ತೀರಿದೆ ಅಂತ ಬರವಣಿಗೆಯಲ್ಲಿ ಪತ್ರ ಕೇಳಿ. ಅಡ ಇಟ್ಟಿದ್ದ ಮೂಲ ಕಾಗದಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ಎಣಿಸಿ ವಾಪಸ್ ತಗೊಳ್ಳಿ. ತಾನಾಗೇ ಕಂತು ಹೋಗುವ ಏರ್ಪಾಡು ರದ್ದಾಗಿದೆಯಾ ಅಂತ ಮುಂದಿನ ತಿಂಗಳು ಖಾತೆ ನೋಡಿ. ನಮಸ್ಕಾರ.